ಮನೆಗೆ ಯಾವ ರೂಟರ್ ತರಬೇಕು?



ನಮ್ಮ ಸ್ವಾರಗೇಟ ಪರಿಸರದ ಕನ್ನಡ ಮನೆಗಳಲ್ಲಿ ಕೆಲವು ಜವಾಬ್ದಾರಿಗಳು ಯಾರೂ ಹೇಳದೆಯೇ ನಿಮ್ಮ ತಲೆಗೆ ಬಂದು ಬೀಳುತ್ತವೆ. ಮರಾಠಿಯಲ್ಲಿ ಬಂದ ಕಾಗದ ಓದಿ ಹೇಳುವುದು, ಊರಿಗೆ ಹೋಗುವ ಬಸ್ಸಿನ ಟಿಕೆಟ್ ಕಾಯ್ದಿರಿಸುವುದು, ಇವುಗಳ ಜೊತೆಗೆ ಮನೆಯ ಇಂಟರ್‌ನೆಟ್ ನೋಡಿಕೊಳ್ಳುವುದು. "ನಿನಗ ತಿಳೀತದ, ನೀನ ನೋಡು" ಎಂದು ಅಪ್ಪ ಹೇಳಿದರೆಂದರೆ ಮುಗಿಯಿತು. ವಿಜಯಪುರದ ಅಜ್ಜಿಯ ಮುಖ ಪರದೆಯ ಮೇಲೆ ಅಲುಗಾಡದೆ ನಿಂತರೂ, ತಂಗಿಯ ಆನ್‌ಲೈನ್ ಪರೀಕ್ಷೆಯ ನಡುವೆ ಸಂಪರ್ಕ ಕಡಿದರೂ ಬೈಗುಳ ನಿಮಗೇ. ಆದ್ದರಿಂದ ಈ ಸಲ ಅಂಕಣದಲ್ಲಿ ಮೋಡೆಮ್ ಮತ್ತು ರೂಟರ್ ಆರಿಸುವ ವಿಚಾರ.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. 1995ರ ಆಗಸ್ಟ್ 15ರಂದು ವಿ.ಎಸ್.ಎನ್.ಎಲ್. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆದಾಗ, ಕಂಪ್ಯೂಟರಿನ ಸಂಕೇತವನ್ನು ಟೆಲಿಫೋನ್ ತಂತಿಯಲ್ಲಿ ಸಾಗುವ ಧ್ವನಿಯಾಗಿ ಬದಲಿಸುವ ಪೆಟ್ಟಿಗೆ ಬೇಕಾಗಿತ್ತು. ಅದೇ ಮೋಡೆಮ್. ಇಂದು ಹೆಚ್ಚಿನ ಮನೆಗಳಿಗೆ ಬರುವುದು ಗಾಜಿನ ಎಳೆ, ಅಂದರೆ ಫೈಬರ್. ಅದರಲ್ಲಿ ಬರುವ ಬೆಳಕನ್ನು ವಿದ್ಯುತ್ ಸಂಕೇತವಾಗಿಸುವ ಪೆಟ್ಟಿಗೆಗೆ ಒ.ಎನ್.ಟಿ. ಎನ್ನುತ್ತಾರೆ. ಬಳಕೆಯಲ್ಲಿ ಅದನ್ನೂ ಮೋಡೆಮ್ ಎಂದೇ ಕರೆಯುತ್ತೇವೆ. ಬಂದ ಸಂಪರ್ಕವನ್ನು ಮನೆಯ ಫೋನು, ಟಿವಿ, ಕಂಪ್ಯೂಟರುಗಳಿಗೆ ಹಂಚುವುದು ರೂಟರ್. ಎರಡೂ ಒಂದೇ ಪೆಟ್ಟಿಗೆಯಲ್ಲಿರುವುದೂ ಉಂಟು. ಒ.ಎನ್.ಟಿ.ಯ ಸಂಖ್ಯೆ ಕಂಪನಿಯಲ್ಲಿ ದಾಖಲಾಗಬೇಕಾದ್ದರಿಂದ ಅದನ್ನು ಕೇಳದೆ ಕೊಳ್ಳಬೇಡಿ. ಕಂಪನಿಯದು ಹಾಗೆಯೇ ಇರಲಿ. ವೈಫೈ ಸಾಲದಿದ್ದರೆ ಅದಕ್ಕೆ ನಿಮ್ಮದೊಂದು ರೂಟರ್ ಜೋಡಿಸಿ.

ಆದರೆ ಹಣ ಬಿಚ್ಚುವ ಮುನ್ನ ಒಂದು ಪರೀಕ್ಷೆ ಮಾಡಿ. ಕಂಪ್ಯೂಟರನ್ನು ತಂತಿಯಿಂದಲೇ ಪೆಟ್ಟಿಗೆಗೆ ಜೋಡಿಸಿ ವೇಗ ಅಳೆಯಿರಿ. ಅಲ್ಲಿಯೂ ನಿಧಾನವಾದರೆ ದೋಷ ಬಹುಶಃ ಹೊರಗಿನ ಲೈನಿನದು. ಹೊಸ ರೂಟರ್ ತಂದು ಫಲವಿಲ್ಲ. ತಂತಿಯಲ್ಲಿ ಸರಿಯಿದ್ದು ಒಳಕೋಣೆಯಲ್ಲಿ ಮಾತ್ರ ಸಿಗದಿದ್ದರೆ ಪೆಟ್ಟಿಗೆ ಇಟ್ಟ ಜಾಗ ನೋಡಿ. ಟಿವಿಯ ಹಿಂದೆ, ಉಕ್ಕಿನ ಕಪಾಟಿನ ಪಕ್ಕ, ಬಾಗಿಲ ಮೂಲೆಯಲ್ಲಿ ಕುಳಿತ ರೂಟರ್ ಎಷ್ಟು ದುಬಾರಿಯದಾದರೂ ಅಷ್ಟೇ. ಪೇಠೆಗಳ ಹಳೆಯ ವಾಡೆಗಳ ದಪ್ಪ ಗೋಡೆಯಾಗಲಿ, ಹೊಸ ಸೊಸೈಟಿಗಳ ಕಾಂಕ್ರೀಟಾಗಲಿ, 5 ಗಿಗಾಹರ್ಟ್ಸ್ ಅಲೆಯನ್ನು ಬಹಳ ತಡೆಯುತ್ತವೆ. 2.4 ಗಿಗಾಹರ್ಟ್ಸ್ ಅಲೆ ಗೋಡೆ ದಾಟುತ್ತದೆ; ಆದರೆ ಅಕ್ಕಪಕ್ಕದ ಎಲ್ಲ ಮನೆಗಳ ಅಲೆಯೂ ಅಲ್ಲಿಯೇ ಸೇರಿ ಸಂತೆಯಾಗುತ್ತದೆ. ಮನೆಯ ನಡುಭಾಗದಲ್ಲಿ, ಎತ್ತರದಲ್ಲಿ ಇಟ್ಟು ನೋಡಿ. ಎಷ್ಟೋ ಮನೆಗಳಲ್ಲಿ ಖರ್ಚಿಲ್ಲದೆ ಕೆಲಸವಾಗುತ್ತದೆ.

ಕೊಳ್ಳಲೇಬೇಕಾದರೆ ಸ್ವಾರಗೇಟದಿಂದ ಮೆಟ್ರೋ ಹತ್ತಿ ಮುಂದಿನ ನಿಲ್ದಾಣ ಮಂಡಯಿಯಲ್ಲಿ ಇಳಿದು, ನಡೆದುಕೊಂಡೇ ಬುಧವಾರ ಪೇಠೆಯ ತಪಕೀರ ಗಲ್ಲಿಗೆ ಹೋಗಬಹುದು. ಡಬ್ಬಿಯ ಮೇಲಿನ ದೊಡ್ಡ ಅಂಕಿಗಳಿಗೆ ಮಾತ್ರ ಮರುಳಾಗಬೇಡಿ. ಬೆಳ್ಳಗಿರುವುದೆಲ್ಲ ಹಾಲಲ್ಲ. 'ಎಸಿ 1200' ಎಂದು ಬರೆದಿದ್ದರೆ ಅದು ಎರಡು ಅಲೆಗಳ ಗರಿಷ್ಠ ವೇಗದ ಮೊತ್ತ: ಒಂದರ 300, ಇನ್ನೊಂದರ 867. ನಿಮ್ಮ ಫೋನು ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ಅಲೆ ಹಿಡಿಯುತ್ತದೆ. ಅಗ್ಗದ ಕೆಲವು ರೂಟರ್‌ಗಳಲ್ಲಿ ತಂತಿ ಸಿಕ್ಕಿಸುವ ಕಿಂಡಿಯ ವೇಗ ಸೆಕೆಂಡಿಗೆ 100 ಮೆಗಾಬಿಟ್ ಮಾತ್ರ. ನೀವು 200ರ ಯೋಜನೆಗೆ ಹಣ ಕಟ್ಟಿದರೂ ಕೈಗೆ ಬರುವುದು ನೂರರ ಒಳಗೆ. 'ಗಿಗಾಬಿಟ್' ಕಿಂಡಿ ಎಂದು ಖಾತ್ರಿ ಮಾಡಿಕೊಳ್ಳಿ. ವೈಫೈ 6 ಇದ್ದರೆ ಸಾಧಾರಣ ಕುಟುಂಬಕ್ಕೆ ಧಾರಾಳವಾಯಿತು. ವೈಫೈ 7ರ ಪೂರ್ಣ ಪ್ರಯೋಜನ ನಿಮ್ಮ ಫೋನು, ಕಂಪ್ಯೂಟರುಗಳೂ ಅದೇ ಪೀಳಿಗೆಯವಾಗಿದ್ದರೆ ಮಾತ್ರ.

ವಿದ್ಯುತ್ತಿನ ವಿಚಾರವೂ ಇದೆ. ತಾಮ್ರದ ತಂತಿಯ ಹಳೆಯ ಟೆಲಿಫೋನಿಗೆ ವಿದ್ಯುತ್ತು ಎಕ್ಸ್‌ಚೇಂಜಿನಿಂದಲೇ ಬರುತ್ತಿದ್ದುದರಿಂದ ಮನೆಯ ದೀಪ ಹೋದರೂ ಫೋನು ನಡೆಯುತ್ತಿತ್ತು. ಗಾಜಿನ ಎಳೆಗೆ ಆ ಗುಣವಿಲ್ಲ. ಒ.ಎನ್.ಟಿ. ಮತ್ತು ರೂಟರ್ ಎರಡಕ್ಕೂ ಸಾಲುವ ಸಣ್ಣ ಯು.ಪಿ.ಎಸ್. ಇಟ್ಟುಕೊಂಡರೆ ಕರೆಂಟ್ ಹೋದಾಗ ಸಂಪರ್ಕ ಉಳಿಯಬಹುದು. ಅಡಾಪ್ಟರ್ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ನೋಡಿಯೇ ಕೊಳ್ಳಿ.

ಇಷ್ಟೆಲ್ಲ ನೋಡಿ ತಂದ ಪೆಟ್ಟಿಗೆಯೂ ನಂಬಿಕೆಗೆ ಯೋಗ್ಯವಾಗುವುದು ನಿಮ್ಮ ಕೈಯಿಂದ. 2017ರ ಜುಲೈ ಕೊನೆಯಲ್ಲಿ ಕರ್ನಾಟಕದಲ್ಲಿ ಬಿ.ಎಸ್.ಎನ್.ಎಲ್. ಬ್ರಾಡ್‌ಬ್ಯಾಂಡ್ ಗ್ರಾಹಕರ ಸುಮಾರು 60,000 ಮೋಡೆಮ್‌ಗಳು ಒಂದು ದುಷ್ಟ ತಂತ್ರಾಂಶದ ದಾಳಿಗೆ ಸಿಕ್ಕಿದವು. ಸಿಕ್ಕಿದವುಗಳಲ್ಲಿ ಬಳಕೆದಾರನ ಹೆಸರು 'ಅಡ್ಮಿನ್', ಪಾಸ್‌ವರ್ಡೂ 'ಅಡ್ಮಿನ್'. ಕಾರ್ಖಾನೆಯಿಂದ ಬಂದದ್ದನ್ನು ಯಾರೂ ಬದಲಾಯಿಸಿರಲಿಲ್ಲ. ಆಮೇಲೆ ಪಾಸ್‌ವರ್ಡ್ ಬದಲಿಸಿರೆಂದು ಗ್ರಾಹಕರಿಗೆ ಸೂಚನೆ ಹೋಯಿತು. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ! ಅದರ ಹಿಂದಿನ ವರ್ಷವೇ 'ಮಿರಾಯ್' ಎಂಬ ತಂತ್ರಾಂಶ ಇಂಥದೇ ಪಾಸ್‌ವರ್ಡ್‌ಗಳ ಮೂಲಕ ಜಗತ್ತಿನಾದ್ಯಂತ ಕ್ಯಾಮೆರಾ, ರೂಟರ್‌ಗಳಿಗೆ ನುಗ್ಗಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ. ರೂಟರ್‌ಗೆ ಪಾಸ್‌ವರ್ಡ್ ಎರಡು. ಬಂದ ಅತಿಥಿಗಳು ಕೇಳುವುದು ವೈಫೈನದು. ಪೆಟ್ಟಿಗೆಯ ಒಳವ್ಯವಸ್ಥೆಯ ಬೀಗ ಇನ್ನೊಂದು. ಮೊದಲನೆಯದನ್ನು ಬದಲಿಸಿ ಎರಡನೆಯದನ್ನು ಮರೆಯುವವರೇ ಹೆಚ್ಚು. ಎರಡನ್ನೂ ಬದಲಿಸಿ. ತಂತ್ರಾಂಶದ ಪರಿಷ್ಕರಣೆ ತಾನಾಗಿ ಆಗುವಂತೆ ಇಡಿ. ಕೊಳ್ಳುವ ಮುನ್ನವೇ ತಯಾರಕರ ತಾಣದಲ್ಲಿ ಆ ಮಾದರಿಗೆ ಕೊನೆಯ ಪರಿಷ್ಕರಣೆ ಯಾವಾಗ ಬಂದಿದೆ ಎಂದು ನೋಡಿ. ವರ್ಷಗಳಿಂದ ಬಂದಿಲ್ಲವಾದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಬೇಡ.

ಕೊನೆಯದಾಗಿ, ನೀವು ಕಾಲೇಜಿಗೋ ಕೆಲಸಕ್ಕೋ ಹೋದಾಗ ಮನೆಯಲ್ಲಿ ಉಳಿಯುವವರು ಹಿರಿಯರು. ಅವರಿಗಾಗಿ ಒಂದು ಚೀಟಿ ಕನ್ನಡದಲ್ಲಿ ಬರೆದು ಪೆಟ್ಟಿಗೆಯ ಪಕ್ಕ ಅಂಟಿಸಿ: "ಎಲ್.ಒ.ಎಸ್. ಎಂಬಲ್ಲಿ ಕೆಂಪು ದೀಪ ಮಿಣುಕಿದರೆ ಹೊರಗಿನ ಲೈನಿನಲ್ಲಿ ತೊಂದರೆ ಇರಬಹುದು, ಕಂಪನಿಗೆ ಫೋನ್ ಮಾಡಿ. ಕೆಂಪು ಇಲ್ಲದೆಯೂ ನಿಂತರೆ ಸ್ವಿಚ್ ಆರಿಸಿ, ಒಂದು ನಿಮಿಷ ಬಿಟ್ಟು ಹಾಕಿ." ಕೆಳಗೆ ಕಂಪನಿಯ ದೂರವಾಣಿ ಸಂಖ್ಯೆ ಮತ್ತು ನಿಮ್ಮ ಗ್ರಾಹಕ ಸಂಖ್ಯೆ ಇರಲಿ. ಮನೆಯಲ್ಲಿ ಕನ್ನಡ ಮಾತನಾಡುವ ನಿಮ್ಮಲ್ಲಿ ಅನೇಕರಿಗೆ ಬರೆಯಲು ಸಂಕೋಚ. ಅಕ್ಷರ ಸೊಟ್ಟಗಾದರೂ ಚಿಂತೆಯಿಲ್ಲ. ಓದುವವರು ಅಮ್ಮ, ಅಜ್ಜ. ತಪ್ಪಿದ್ದರೆ ಅವರೇ ತಿದ್ದಿಕೊಡುತ್ತಾರೆ.