ಬಿಸಿಲು ಬಾರದ ಬಾಲ್ಕನಿ ಮತ್ತು ಅಮ್ಮನ ಆಂಥೂರಿಯಂ

ಬ್ಲಾಗಿನ ಕಡೆ ತಲೆ ಹಾಕದೆ ತಿಂಗಳುಗಳೇ ಆದವು. ಬೈಕೋಬೇಡಿ, ರಿಲೀಸ್ ಇತ್ತು ಅನ್ನೋ ಹಳೇ ನೆಪವೇ ಈ ಸಲವೂ :)

ನೆಪ ಅಂದ ಕೂಡಲೇ ನೆನಪಾಯ್ತು. "ನಮ್ಮನೆ ಬಾಲ್ಕನಿಗೆ ಬಿಸಿಲೇ ಬರಲ್ಲ, ಅದಕ್ಕೇ ಗಿಡ ಇಟ್ಟಿಲ್ಲ." ಬೆಂಗಳೂರಲ್ಲಿ ಈ ಮಾತನ್ನ ಎಷ್ಟು ಜನರ ಬಾಯಲ್ಲಿ ಕೇಳಿದ್ದೀನೋ ಲೆಕ್ಕವಿಲ್ಲ. ನಾನೂ ಹೇಳ್ತಿದ್ದವನೇ. ಈಗ ಅನ್ನಿಸೋದು, ತಪ್ಪು ಬಾಲ್ಕನಿಯದ್ದಲ್ಲ, ಗಿಡ ಆರಿಸೋ ನಮ್ಮದು.

ನಮ್ಮೂರು ಸಾಗರದ ಹತ್ತಿರ. ಅಮ್ಮನ ಆಂಥೂರಿಯಂ ಎಲ್ಲಾ ಇರೋದು ಮನೆಯ ಪಕ್ಕ, ಅಡಿಕೆ ಮರದ ನೆರಳಲ್ಲಿ. ಒಂದನ್ನೂ ದುಡ್ಡು ಕೊಟ್ಟು ತಂದಿದ್ದಲ್ಲ. ನೆಂಟರ ಮನೆಗೆ ಹೋದಾಗ ಒಂದು ಮರಿ ತರೋದು, ಬಂದವರಿಗೆ ಒಂದು ಮರಿ ಕೊಡೋದು, ಅಷ್ಟೇ ವ್ಯಾಪಾರ.

ಎರಡು ವರ್ಷದ ಹಿಂದೆ ಅದರಲ್ಲೊಂದು ಕೆಂಪು ಹೂವಿನದ್ದು ನನ್ನ ಜೊತೆ ರಾತ್ರಿ ಬಸ್ಸಲ್ಲಿ ಬಂತು. ಕೆಂಪು ಮಣ್ಣಲ್ಲಿ ನೆಟ್ಟೆ. ದಿನಾ ಆಫೀಸಿಗೆ ಹೊರಡೋ ಮೊದಲು ಒಂದು ಚೊಂಬು ನೀರು. ಭಾನುವಾರ "ಪಾಪ, ಸ್ವಲ್ಪ ಬಿಸಿಲು ಕಾಯಲಿ" ಅಂತ ಟೆರೇಸಿನ ಮೇಲೆ. ಎರಡೇ ತಿಂಗಳು... ಎಲೆ ಸುಟ್ಟು ಕಂದಾಯ್ತು, ಬೇರು ಕೊಳೆತು ನಾತ ಬಂತು. ಫೋನಲ್ಲಿ ಅಮ್ಮ ಕೇಳಿದಾಗೆಲ್ಲ "ಚೆನ್ನಾಗಿದೆ" ಅಂತಿದ್ದೆ. ಕೊನೆಗೆ ಅಮ್ಮನೇ ಬಂದು ಖಾಲಿ ಕುಂಡ ನೋಡಿದಳು. ಬೈಯಲಿಲ್ಲ. "ಇದೂ ಸೀತಾಳೆ ಥರ ಕಣೋ, ಬೇರಿಗೆ ಗಾಳಿ ಬೇಕು" ಅಂದಳು, ಅಷ್ಟೇ.

ಆಮೇಲೆ ಓದಿ ನೋಡಿದೆ. ಅಮ್ಮ ಹೇಳಿದ್ದು ನೂರಕ್ಕೆ ನೂರು ಸರಿ. ಆಂಥೂರಿಯಂ ಮೂಲ ಕೊಲಂಬಿಯಾ, ಈಕ್ವೆಡಾರಿನ ಮಳೆಕಾಡು. ಅಲ್ಲಿ ಮರದ ಮೇಲೂ ಬೆಳೆಯುತ್ತೆ. ಅಂಥದ್ದನ್ನ ಅಂಟು ಮಣ್ಣಲ್ಲಿ ಹೂತು ದಿನಾ ನೀರು ಹೊಯ್ದರೆ ಉಸಿರು ಕಟ್ಟದೆ ಇನ್ನೇನು!

ಎರಡನೇ ಸಲ ಅಮ್ಮ ಕೊಟ್ಟ ಮರಿಗೆ ಹೀಗೆ ಮಾಡಿದೆ: ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಇಟ್ಟಿಗೆ ಚೂರು, ಒಂದು ಹಿಡಿ ಎಲೆಗೊಬ್ಬರ. ಬೆರಳಿಟ್ಟು ನೋಡಿ, ಮೇಲೆ ಒಣಗಿದ್ದರೆ ಮಾತ್ರ ನೀರು. ಕುಂಡದ ತಟ್ಟೆಯಲ್ಲಿ ನೀರು ನಿಲ್ಲಬಾರದು. ಮಾರ್ಚ್-ಏಪ್ರಿಲ್‌ನ ಒಣ ಹವೆಗೆ ಎಲೆ ಮೇಲೆ ನೀರು ಚಿಮುಕಿಸಿದರೆ ಒಳ್ಳೇದು. ಕಾಂಡ ಉದ್ದವಾಗಿ ಬೇರು ಹೊರಗೆ ಕಂಡರೆ ಸಿಪ್ಪೆ ಮುಚ್ಚಿ. ನೆರಳು ಅಂದ್ರೆ ಕತ್ತಲೆ ಅಲ್ಲ ಮತ್ತೆ, ಲೈಟ್ ಹಾಕದೆ ಪುಸ್ತಕ ಓದೋವಷ್ಟು ಬೆಳಕು ಬೇಕು. ಇಲ್ಲದಿದ್ದರೆ ಬರೀ ಎಲೆ, ಹೂವಿಲ್ಲ.

ಅಂದಹಾಗೆ, ನಾವು ಹೂವು ಅನ್ನೋ ಆ ಕೆಂಪು ಹಾಳೆ ಹೂವೇ ಅಲ್ಲ, ಒಂಥರಾ ಎಲೆ. ನಿಜವಾದ ಹೂಗಳು ನಡುವಿನ ಕಡ್ಡಿಯ ಮೇಲಿರೋ ಸಣ್ಣ ಚುಕ್ಕಿಗಳು. ಮನೇಲಿ ಚಿಕ್ಕ ಮಕ್ಕಳಿದ್ದರೆ ಎತ್ತರದಲ್ಲಿಡಿ. ಇದು ಕೆಸುವಿನ ಬಳಗದ್ದು, ಜಗಿದರೆ ಬಾಯಿ ಉರಿಯುತ್ತೆ.

ಈಗ ನನ್ನ ಗಿಡದಲ್ಲಿ ನಾಲ್ಕು ಹೂವಿದೆ. ಅಮ್ಮನಿಗೆ ಫೋಟೋ ಕಳಿಸಿದರೆ ನಂಬಲಿಲ್ಲ, ವಿಡಿಯೋ ಕಾಲ್ ಮಾಡಿಸಿ ಕುಂಡ ತಿರುಗಿಸಿ ತೋರಿಸು ಅಂದಳು. ಸುಳ್ಳು ಹೇಳಿದವನಿಗೆ ಇಷ್ಟಾದರೂ ಬೇಡವೇ?

ನನ್ನ ವಾದ ಇಷ್ಟೇ. ನಮ್ಮ ಕೈಲಿ ಗಿಡ ಸಾಯೋದು ಅಲಕ್ಷ್ಯದಿಂದ ಕಡಿಮೆ, ಅದಕ್ಕೇನು ಬೇಕು ಅಂತ ಕೇಳದೆ ತೋರಿಸೋ ಅಕ್ಕರೆಯಿಂದ ಜಾಸ್ತಿ. ಬುಡದಲ್ಲಿ ಒಂದು ಮರಿ ಬಂದಿದೆ, ಇನ್ನೂ ಬೇರು ಬಿಡಬೇಕು. ಬಿಸಿಲು ಬಾರದ ಬಾಲ್ಕನಿ ಇರೋರು ಯಾರಾದ್ರೂ ಇದ್ದರೆ ಕಾಮೆಂಟ್ ಹಾಕಿ. ದುಡ್ಡು ಬೇಡ, ಮುಂದಿನ ಮರಿ ಇನ್ನೊಬ್ಬರಿಗೆ ಕೊಟ್ಟರೆ ಸಾಕು.