ಹೊಟ್ಟೆ ಎಂದರೆ ಎಲ್ಲಿ?



ಅಜ್ಜಿ "ಹೊಟ್ಟೆಯಲ್ಲಿ ಏನೋ ಸಂಕಟ ಕಣೋ" ಎಂದರೆ ನೀವು ಡಾಕ್ಟರಿಗೆ ಏನೆಂದು ಹೇಳುತ್ತೀರಿ?

2016ರ ಮಳೆಗಾಲದಲ್ಲಿ ಊರಿನಿಂದ ಮುಂಬಯಿಗೆ, ನಮ್ಮ ಮನೆಗೆ ಬಂದಿದ್ದ ಅತ್ತೆಯವರು ಒಂದು ರಾತ್ರಿ ಹೀಗೇ ಅಂದರು. ಗ್ಯಾಸ್ ಇರಬೇಕೆಂದು ನಾನು ಓಮದ ಕಷಾಯ ಮಾಡಿಕೊಟ್ಟು ಒಂದು ಗಂಟೆ ಕಾದೆ. ಮೈ ಬೆವರತೊಡಗಿದಾಗ ಹೆದರಿ ಆಸ್ಪತ್ರೆಗೆ ಓಡಿದೆವು. ಅವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬಾರದು. ನನ್ನ ಮಗ ಹಿಂದಿಯಲ್ಲಿ "ಪೇಟ್ ಮೇ ದರ್ದ್" ಎಂದ. ಅನುವಾದದಲ್ಲಿ ತಪ್ಪಿರಲಿಲ್ಲ. ಆದರೆ ಡಾಕ್ಟರು, "ಕೈಯಿಟ್ಟು ತೋರಿಸಿ" ಎಂದರು. ಅತ್ತೆ ಎದೆಮೂಳೆಯ ಕೆಳತುದಿಯಲ್ಲಿರುವ ಕುಳಿಯ ಮೇಲೆ ಅಂಗೈ ಇಟ್ಟರು. ಕೂಡಲೇ ಇ.ಸಿ.ಜಿ. ತೆಗೆದರು. ನೋವು ಹೊಟ್ಟೆಯದಲ್ಲ, ಹೃದಯದ್ದು. ಸದ್ಯ, ಅವರು ಉಳಿದರು. ಆದರೆ ಆ ಒಂದು ಗಂಟೆಯನ್ನು ನಾನು ಇನ್ನೂ ಮರೆತಿಲ್ಲ.

ನೋಡಿ, 'ಹೊಟ್ಟೆ' ಎಂಬ ನಮ್ಮ ಮಾತು ಬಹಳ ದೊಡ್ಡದು. ಅನ್ನ ಸೇರುವ ಚೀಲವೂ ಹೊಟ್ಟೆ, ಆ ಚೀಲವಿರುವ ಕೋಣೆಯೂ ಹೊಟ್ಟೆ. ಆದ್ದರಿಂದ ಮೊದಲು ಶರೀರದ ಕೋಣೆಗಳನ್ನು ತಿಳಿದುಕೊಳ್ಳೋಣ.

ಹಿಂಭಾಗದ ಕೋಣೆ ಬುರುಡೆಯಿಂದ ಬೆನ್ನುಮೂಳೆಯ ಒಳಗಿನವರೆಗೆ ಸಾಗುತ್ತದೆ. ಅದರಲ್ಲಿ ಮಿದುಳು, ಮಿದುಳುಬಳ್ಳಿ. ಮುಂಭಾಗದಲ್ಲಿ ಎರಡು ದೊಡ್ಡ ಕೋಣೆಗಳು; ನಡುವೆ 'ವಪೆ' ಎಂಬ ಕಮಾನಿನಾಕಾರದ ಸ್ನಾಯು. ನೀವು ಉಸಿರೆಳೆದಾಗ ಕೆಳಗಿಳಿಯುವುದು ಇದೇ.

ವಪೆಯ ಮೇಲಿನದು ಎದೆಗೂಡು. 12 ಜೊತೆ ಪಕ್ಕೆಲುಬುಗಳ ಕಾವಲಿನಲ್ಲಿ ಎರಡು ಶ್ವಾಸಕೋಶ, ಅವುಗಳ ನಡುವೆ ಸ್ವಲ್ಪ ಎಡಕ್ಕೆ ವಾಲಿದ ಹೃದಯ. ಹೃದಯ ಕೂತಿರುವುದೇ ವಪೆಯ ಮೇಲೆ. ಕೆಳಗಿನದು ಉದರ. ಬಲ ಮೇಲ್ಭಾಗದಲ್ಲಿ ಸುಮಾರು ಒಂದೂವರೆ ಕಿಲೋ ತೂಗುವ ಯಕೃತ್ತು, ಅದರ ಅಡಿಯಲ್ಲಿ ಪಿತ್ತಕೋಶ. ಎಡಕ್ಕೆ ಜಠರ ಮತ್ತು ಗುಲ್ಮ. ನಡುವೆ ಸುರುಳಿಯಾಗಿ ಮಡಚಿಟ್ಟ, ಆರು ಮೀಟರಿನಷ್ಟು ಉದ್ದದ ಸಣ್ಣಕರುಳು. ಮೂತ್ರಪಿಂಡಗಳು ಬೆನ್ನಿಗೆ ಒತ್ತಿಕೊಂಡಿರುತ್ತವೆ, ಹಾಗಾಗಿ ಅವುಗಳ ನೋವು ಸಾಮಾನ್ಯವಾಗಿ ಬೆನ್ನಲ್ಲಿ, ಪಕ್ಕೆಯಲ್ಲಿ. ಇನ್ನೂ ಕೆಳಗೆ ಕಿಬ್ಬೊಟ್ಟೆ. ಅಲ್ಲಿ ಮೂತ್ರಕೋಶ, ಹೆಂಗಸರಲ್ಲಿ ಗರ್ಭಕೋಶ. ಉದರಕ್ಕೂ ಇದಕ್ಕೂ ನಡುವೆ ಗೋಡೆಯಿಲ್ಲ.

ಹಾಗಾದರೆ ಹೃದಯದ ನೋವು ಗೋಡೆ ದಾಟಿ ಹೊಟ್ಟೆಯಲ್ಲಿ ಕಾಣಿಸಿದ್ದೇಕೆ? ಬೆರಳಿಗೆ ಸೂಜಿ ಚುಚ್ಚಿದರೆ ಎಲ್ಲಿ ಎಂದು ಮಿದುಳಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಒಳಗಿನ ಅಂಗಗಳ ಸುದ್ದಿ ಹಾಗಲ್ಲ. ಅವುಗಳ ನರಗಳೂ ದೇಹದ ಹೊರಭಾಗಗಳ ನರಗಳೂ ಮಿದುಳುಬಳ್ಳಿಯ ಒಂದೇ ಮಟ್ಟದಲ್ಲಿ ಸೇರುವುದರಿಂದ ಮಿದುಳಿಗೆ ವಿಳಾಸ ತಪ್ಪುತ್ತದೆ. ಹೃದಯದ ನೋವು ಎಡತೋಳು, ದವಡೆ, ಎದೆಗುಳಿಗಳಲ್ಲಿ ಕಾಣಿಸಬಹುದು. ವಪೆಯ ನರ ಹೊರಡುವುದು ಕುತ್ತಿಗೆಯಿಂದ. ಆದ್ದರಿಂದ ಪಿತ್ತಕೋಶ ಕೆರಳಿ ವಪೆಗೆ ತಾಗಿದರೆ ಬಲಭುಜ ನೋಯಬಹುದು! ಅಪೆಂಡಿಕ್ಸಿನ ನೋವು ಅನೇಕರಲ್ಲಿ ಹೊಕ್ಕುಳ ಸುತ್ತ ಶುರುವಾಗಿ, ಕೆಲವು ಗಂಟೆಗಳಲ್ಲಿ ಬಲ ಕೆಳಭಾಗಕ್ಕೆ ಸರಿಯುತ್ತದೆ.

ಆದ್ದರಿಂದ ಮನೆಯ ಹಿರಿಯರಿಗೆ ದುಭಾಷಿಯಾಗಿ ಹೋಗುವ ನಿಮಗೆ ನನ್ನ ಕಿವಿಮಾತು ಇಷ್ಟೇ. ಬರೀ ಪದವನ್ನು ಅನುವಾದ ಮಾಡಬೇಡಿ. ಎಲ್ಲಿ ಎಂದು ಅವರ ಕೈಯಿಂದಲೇ ತೋರಿಸಿ. ಯಾವಾಗ ಶುರುವಾಯಿತು, ಜಾಗ ಬದಲಾಯಿಸಿತೇ, ಜೊತೆಗೆ ಬೆವರು, ವಾಂತಿ, ಏದುಸಿರು ಇದೆಯೇ ಎಂದು ಕೇಳಿ, ಅದನ್ನು ಹಾಗೆಯೇ ಡಾಕ್ಟರಿಗೆ ಹೇಳಿ. ವಯಸ್ಸಾದವರಿಗೆ ಎದೆಗುಳಿಯಲ್ಲಿ ಸಂಕಟವಾಗಿ ಮೈ ಬೆವರಿದರೆ ಕಷಾಯ, ಸೋಡಾ ಎಂದು ನನ್ನ ಹಾಗೆ ಕಾಯದೆ ಆಸ್ಪತ್ರೆಗೆ ಹೊರಡಿ.

ಈ ಭಾನುವಾರ ಅಜ್ಜಿಯ ಪಕ್ಕದಲ್ಲಿ ಕೂತು ನೆತ್ತಿ, ಹೆಗಲು, ಪಕ್ಕೆ, ಎದೆಗುಳಿ, ಹೊಕ್ಕುಳು, ಕಿಬ್ಬೊಟ್ಟೆ, ಸೊಂಟ ಎಂದು ಒಂದೊಂದನ್ನೂ ಮುಟ್ಟಿ ಹೆಸರು ಕಲಿಯಿರಿ. ಕನ್ನಡವೂ ಬಂದ ಹಾಗಾಯಿತು. ಅವರು ಸಂಕಟ ಎಂದ ದಿನ ಅದು ಎಲ್ಲಿ ಎಂದು ನಿಮಗೆ ತಿಳಿಯುತ್ತದೆ.