ಗೇರ್‌ಬಾಕ್ಸ್ ಬಿಚ್ಚೋ ಮುಂಚೆ

ಅಪ್ಪನ ಹಳೇ ಆಟೋಮ್ಯಾಟಿಕ್ ಕಾರು ‘ಡಿ’ಗೆ ಹಾಕಿದರೆ ಎರಡು ಸೆಕೆಂಡ್ ಸುಮ್ಮನಿದ್ದು, ಆಮೇಲೆ ಜರ್ಕ್ ಹೊಡೆದು ಹೊರಡುತ್ತಿತ್ತು. ಗ್ಯಾರೇಜಿನವರು, “ಗೇರ್‌ಬಾಕ್ಸೇ ಬಿಚ್ಚಬೇಕು ಸಾರ್, ಲಕ್ಷ ಆಗತ್ತೆ” ಅಂದರು. “ಮಾರಿಬಿಡೋಣ ಬಿಡೋ” ಅಂದ ಅಪ್ಪನ ಮುಖ ನೋಡೋಕಾಗಲಿಲ್ಲ.

ಆಫೀಸಲ್ಲಿ ಲಾಗ್ ನೋಡದೆ ಕೋಡ್ ಮುಟ್ಟಲ್ಲ ನಾವು. ಇಲ್ಲೂ ಅದೇ ಮಾಡಿದೆ. ಮ್ಯಾನುಯಲ್‌ನಲ್ಲಿ ಹೇಳಿದ ಹಾಗೆ ಇಂಜಿನ್ ಬಿಸಿಯಾದ ಮೇಲೆ, ಆನ್ ಇಟ್ಟೇ, ಗೇರ್‌ಬಾಕ್ಸ್ ಡಿಪ್‌ಸ್ಟಿಕ್ ಎಳೆದೆ. ಆಯಿಲ್ ಕೆಳಗಿನ ಗೆರೆಯನ್ನೂ ಮುಟ್ಟಿರಲಿಲ್ಲ. ಆದರೆ ಬಣ್ಣ ಕೆಂಪಗೇ ಇತ್ತು, ಸುಟ್ಟ ವಾಸನೆ ಇರಲಿಲ್ಲ. ಒಳಗಿನ ಕ್ಲಚ್ ಹಿಡಿಯೋದೇ ಈ ಆಯಿಲ್‌ನ ಒತ್ತಡದಿಂದ. ಕಡಿಮೆಯಾದರೆ ತಡವಾಗಿ ಹಿಡಿಯತ್ತೆ. ಬಗ್ಗಿ ನೋಡಿದರೆ ಕೂಲರ್ ಪೈಪ್ ಸೋರುತ್ತಿತ್ತು. ಪೈಪ್ ಬದಲಿಸಿ, ಸರಿಯಾದ ಆಯಿಲ್ ತುಂಬಿಸಿದೆವು. ಜರ್ಕ್ ಹೋಯ್ತು.

ಆಯಿಲ್ ಕಪ್ಪಾಗಿ, ಸುಟ್ಟ ವಾಸನೆ ಬಂದಿದ್ದರೆ ಗ್ಯಾರೇಜಿನವರ ಮಾತೇ ನಿಜವಾಗ್ತಿತ್ತೇನೋ. ನೋಡದೆ ಮಾತ್ರ ಮಾರಬೇಡಿ.